ಹೇಳದೆ ಹರಿದ ಬೆಲ್ಟು

ಆ ಊರಿನಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧಕ್ಕರ್ಧ ಮಂದಿ ಬ್ರೇಕಕ್ಕನ ಪಕ್ಕದಲ್ಲಿ ಕೂತು ಕಲಿತವರು. ಅವಳ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಲಿಯುವವರು ಗಾಬರಿಯಾಗಿ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೂ ಕಾರು ತನಗೇ ಬುದ್ಧಿ ಬಂದಂತೆ ಮೆಲ್ಲಗೆ ನಿಲ್ಲುತ್ತಿತ್ತು. ಯಾರೋ ತಮಾಷೆಗೆ ಬ್ರೇಕಕ್ಕ ಎಂದು ಕರೆದದ್ದು ಅಂಗಡಿಯವರ ಬಾಯಿಗೆ ಬಂತು, ಅಂಚೆಯವರ ಬಾಯಿಗೆ ಬಂತು, ಕೊನೆಗೆ ಅವಳದೇ ಆಗಿ ಉಳಿಯಿತು.

ಕಾರು ಚಿಕ್ಕದು, ಒಗೆದು ಒಗೆದು ಮಾಸಿದ ನೀಲಿ ಬಟ್ಟೆಯ ಬಣ್ಣದ್ದು. ಅದರೊಳಗೆ ಕೂತು ಅವಳು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಕಲಿಸುತ್ತಿದ್ದಳು.

“ಮೀಟರಿನ ಮುಳ್ಳು ನೋಡ್ಬೇಡಿ. ಎಂಜಿನ್ ಕೇಳಿ. ಗೊಣಗ್ತಾ ಇದೆಯಾ? ಗೇರ್ ಇಳಿಸಿ. ಕಿರುಚ್ತಾ ಇದೆಯಾ? ಏರಿಸಿ. ಗುನುಗ್ತಾ ಇದ್ರೆ ಬಿಟ್ಬಿಡಿ, ಅದರ ಪಾಡಿಗೆ ಅದಿರ್ಲಿ.”

ಈ ಕಿವಿ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಬಸ್ಸು ಓಡಿಸುತ್ತಿದ್ದವನು. ಬಸ್ ಡಿಪೋದ ಗೋಡೆಗೆ ಬೆನ್ನು ಕೊಟ್ಟು ನಿಂತ ಮನೆಯಲ್ಲಿ ಅವಳು ಬೆಳೆದಳು. ನಸುಕಿನಲ್ಲಿ ಬಸ್ಸುಗಳು ಒಂದೊಂದಾಗಿ ಎದ್ದು ಕೆಮ್ಮುವಾಗ, ಹೊದಿಕೆಯೊಳಗೆ ಅರೆನಿದ್ದೆಯಲ್ಲಿದ್ದ ಹುಡುಗಿ ಯಾವುದು ಅಪ್ಪನ ಬಸ್ಸು ಎಂದು ಗುರುತು ಹಿಡಿದು, ಅದು ರಸ್ತೆಗೆ ತಿರುಗಿ, ದೂರವಾಗಿ, ಸದ್ದು ಹೋಗಿ ಬರಿಯ ನಡುಕವಾಗಿ, ನಡುಕವೂ ಹೋಗಿ ಬೆಳಗಾಗುವವರೆಗೆ ಅದರ ಹಿಂದೆಯೇ ಹೋಗುತ್ತಿದ್ದಳು. “ಯಂತ್ರ ಹೇಳ್ದೆ ಕೆಡಲ್ಲ ಮಗಳೇ,” ಎನ್ನುತ್ತಿದ್ದ ಅಪ್ಪ. “ಮೊದಲು ಗೊಣಗುತ್ತೆ, ಆಮೇಲೆ ಅಳುತ್ತೆ, ಆಮೇಲೇ ನಿಲ್ಲೋದು. ಕೇಳೋ ಕಿವಿ ಇರ್ಬೇಕು, ಅಷ್ಟೇ.” ಅಪ್ಪ ತೀರಿಕೊಂಡ ಮೇಲೂ ಆ ಮಾತು ಅವಳೊಳಗೆ ಓಡುತ್ತಲೇ ಇತ್ತು.

ಗಂಡ ಮೆಕ್ಯಾನಿಕ್. ಮಹಡಿಯ ಮೇಲೆ ಮನೆ, ಕೆಳಗೆ ಅವನ ಶೆಡ್ಡು. ಅವಳ ಕಾರಿಗೆ ಎರಡನೇ ಜೊತೆ ಪೆಡಲು ಕೂರಿಸಿದ್ದು ಅವನೂ ಅವಳಪ್ಪನೂ ಸೇರಿ, ಅದೇ ಶೆಡ್ಡಿನಲ್ಲಿ, ಮದುವೆಯಾದ ವರ್ಷ. ಅವನಿಗೆ ಮಾತು ಬಹಳ ಕಡಿಮೆ. “ನನ್ನ ಮಗನ ಬಾಯಿ ತೆಗೆಸ್ಬೇಕಂದ್ರೆ ಎದುರಿಗೆ ಒಂದು ಕೆಟ್ಟ ಎಂಜಿನ್ ತಂದಿಡ್ಬೇಕು,” ಎಂದು ಅವನ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ಏನಿದ್ದರೂ ಎರಡು ಸಲ ಹೇಳುವನು. ಮೂರನೆಯ ಸಲ ಹೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಎಂಜಿನ್ನಿನ ಟೈಮಿಂಗ್ ಬೆಲ್ಟಿನ ವಿಷಯವನ್ನೂ ಎರಡು ಸಲ ಹೇಳಿದ್ದ. ಒಮ್ಮೆ ಊಟಕ್ಕೆ ಕೂತಾಗ, ಇನ್ನೊಮ್ಮೆ ನಲ್ಲಿಯ ಕೆಳಗೆ ಕೈಯ ಮಸಿ ತೊಳೆಯುತ್ತ.

“ಆ ಬೆಲ್ಟು ಹಳೇದಾಯ್ತು. ಕಾರು ನನ್ ಹತ್ರ ಬಿಟ್ಟು ಹೋಗು.”

“ಒಂದು ಚೂರೂ ಸದ್ದಿಲ್ವಲ್ರೀ. ನೀವೇ ಕೇಳಿ, ಎಷ್ಟು ನಯವಾಗಿದೆ. ಅತ್ತೆ ಪರೀಕ್ಷೆ ಮುಗೀಲಿ, ಆಮೇಲೆ ಬಿಡ್ತೀನಿ.”

ಅವನು ತಲೆಯಾಡಿಸಿ ಸೋಪು ಅದರ ಜಾಗಕ್ಕೆ ಇಟ್ಟ.

ಪರೀಕ್ಷೆ ಅತ್ತೆಯದು, ಲೈಸೆನ್ಸಿನದು. ಮಾವ ಹೋದ ಮೇಲೆ ಒಂದು ದಿನ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, “ಪಕ್ಕದೂರಲ್ಲಿರೋ ನನ್ನ ತಂಗಿ ಮನೆಗೆ ನಾನೇ ಹೋಗ್ಬೇಕು. ಯಾರೂ ಕರ್ಕೊಂಡು ಹೋಗೋದು ಬೇಡ. ಕಲಿಸ್ತೀಯಾ?” ಎಂದಿದ್ದರು. ಆ ದಿನವೇ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಕಾರಿನ ಬಾಗಿಲು ಹಾಕಿದ ಮೇಲೆ ಸೊಸೆಯ ಮಾತು ನಡೆಯಬೇಕು, ಬಾಗಿಲು ತೆಗೆದ ಕೂಡಲೇ ಅತ್ತೆಯದು. ಹೀಗಾಗಿ ಅರ್ಧ ರಸ್ತೆಯಲ್ಲಿ ಕೋಪ ಬಂದರೆ ಅತ್ತೆ ಕಾರು ನಿಲ್ಲಿಸಿ, ಬಾಗಿಲನ್ನು ಒಂದು ಗೇಣು ತೆಗೆದು, ಬೈಯಬೇಕಾದದ್ದನ್ನೆಲ್ಲ ಬೈದು, ಮತ್ತೆ ಧಪ್ಪೆಂದು ಹಾಕಿಕೊಂಡು, “ಈಗ ಹೇಳಮ್ಮ ಟೀಚರಮ್ಮ,” ಎನ್ನುತ್ತಿದ್ದರು.

ಅದು ನಡೆದದ್ದು ಒಂದು ತಿಳಿಬಿಸಿಲಿನ ಬೆಳಗ್ಗೆ. ಸೇತುವೆ ದಾಟಿ ಪೇಟೆಯ ಕಡೆ ಇಳಿಯುವ ರಸ್ತೆ. ಎರಡೂ ಬದಿಯ ಮರಗಳ ನೆರಳು ಗಾಜಿನ ಮೇಲೆ ಬಿದ್ದು ಬಿದ್ದು ಜಾರುತ್ತಿತ್ತು. ಅತ್ತೆ ಮೊದಲ ಬಾರಿ ನಾಲ್ಕನೇ ಗೇರಿಗೆ ಬಂದಿದ್ದರು. ಎಂಜಿನ್ನು ಗುನುಗುತ್ತಿತ್ತು. ಬ್ರೇಕಕ್ಕ ಸೀಟಿಗೆ ತಲೆಯಾನಿಸಿದಳು.

ಆಗ ಸದ್ದು ಇಲ್ಲವಾಯಿತು.

ಯಾರೋ ಒಳಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದವರು ಸಾಲಿನ ನಡುವೆಯೇ ಎದ್ದು ಹೊರಟುಹೋದಂತೆ. ಅವಳ ಕಾಲು ತಾನಾಗಿ ತನ್ನ ಕ್ಲಚ್ಚು ಒತ್ತಿತ್ತು, ಕಾರು ಮಾತ್ರ ಹೋಗುತ್ತಲೇ ಇತ್ತು. ಅವಳಿಗೆ ಗಾಲಿಯ ಕೆಳಗೆ ಒಣಗಿದ ಎಲೆ ಮುರಿಯುವುದು ಕೇಳಿಸಿತು. ಅತ್ತೆಯ ಬಳೆ ಸ್ಟಿಯರಿಂಗಿಗೆ ತಾಗಿದ್ದು ಕೇಳಿಸಿತು. ಯಾವುದೋ ಮಹಡಿಯಲ್ಲಿ ಯಾರೋ ಹಾಸಿಗೆಯ ಹೊದಿಕೆ ಕೊಡವಿದ್ದೂ ಕೇಳಿಸಿತು. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿ ಅವಳು ಒಮ್ಮೆಯೂ ಕೇಳಿರದ ಊರು ಅದು. ಕನಸಿನಲ್ಲಿ ಕಾಲು ನೆಲಕ್ಕೆ ತಾಗದೆ ಮೆಟ್ಟಿಲಿಳಿಯುತ್ತೇವಲ್ಲ, ಹಾಗೆ ಅವರಿಬ್ಬರೂ ಆ ಇಳಿಜಾರಿನಲ್ಲಿ ಇಳಿದರು. ಚಂದವಾಗಿದೆ ಎಂದುಕೊಂಡಳು ಬ್ರೇಕಕ್ಕ, ಅರೆಕ್ಷಣ. ಆಮೇಲೆ ಮೀಟರಿನ ಪಕ್ಕ ಕೆಂಪು ದೀಪಗಳು ಹೊತ್ತಿದ್ದು ಕಣ್ಣಿಗೆ ಬಿತ್ತು.

ಬ್ರೆಡ್ ಅಂಗಡಿಯ ಮುಂದೆ, ರಸ್ತೆ ಸಮವಾಗುವಲ್ಲಿ, ಕಾರು ತಾನಾಗಿ ನಿಂತಿತು.

“ನಾನೇನು ಮಾಡ್ದೆ?” ಎಂದರು ಅತ್ತೆ, ಎರಡೂ ಕೈ ಮಡಿಲಿಗೆ ಎಳೆದುಕೊಂಡು.

“ಏನೂ ಮಾಡಿಲ್ಲ ಅತ್ತೆ.”

“ಏನೂ ಮಾಡ್ದೆ ಹೀಗಾಗುತ್ತಾ? ಕೊಂದೆ ಕಣೇ, ನಿನ್ನ ಕಾರನ್ನ ನನ್ನ ಕೈಯಾರೆ ಕೊಂದೆ.”

ಬ್ರೇಕಕ್ಕ ಕೈ ಚಾಚಿ ಕೀಲಿ ತಿರುಗಿಸಿದಳು. ಒಳಗೆ ಏನೋ ತಿರುಗಿತು, ಆದರೆ ಬಹಳ ಹಗುರಾಗಿ, ನೀರಿಲ್ಲದ ಬಾವಿಯಲ್ಲಿ ರಾಟೆ ತಿರುಗಿದಂತೆ. ಪೆಟ್ರೋಲು ಏರಿಲ್ಲವೇನೋ ಅಂದುಕೊಂಡಳು. ಪೆಟ್ರೋಲು ಏರದಿದ್ದರೆ ತಳ್ಳಿದರಾಯಿತು.

ತಳ್ಳುವುದು ಅವಳ ಕೊನೆಯ ಪಾಠ. ಪರೀಕ್ಷೆಗೆ ಕಳಿಸುವ ಮುನ್ನ ಪ್ರತಿಯೊಬ್ಬರೂ ಈ ನೀಲಿ ಕಾರನ್ನು ಹಿಂದಿನಿಂದ ತಳ್ಳಬೇಕು, ಓಡಿ ಬಂದು ಕೂರಬೇಕು, ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟು ಎಂಜಿನ್ನು ಎಬ್ಬಿಸಬೇಕು. ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಕಲಿಸುತ್ತಿರಲಿಲ್ಲ. ತಳ್ಳಿದರೆ ಏಳದ ಕಾರಿಲ್ಲ ಎನ್ನುವುದು ಅವಳ ಶಿಷ್ಯರಿಗೆಲ್ಲ ಬಾಯಿಪಾಠ. ಹಾಗಾಗಿ ಆ ಬೆಳಗ್ಗೆ ಯಾರನ್ನೂ ಕೂಗಿ ಕರೆಯಬೇಕಾಗಲಿಲ್ಲ. ಬ್ರೆಡ್ ಅಂಗಡಿಯವನು ಅಂಗೈ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದ. ಅಂಚೆಯವಳು ಸೈಕಲ್ಲು ಗೋಡೆಗೆ ಒರಗಿಸಿ ಬಂದಳು. ಎದುರಿನ ಮಹಡಿಯಿಂದ ಹಲ್ಲಿನ ಡಾಕ್ಟರು, ಬಾಯಿ ತೆರೆದು ಕೂತ ಯಾರನ್ನೋ ಹಾಗೇ ಬಿಟ್ಟು, ಇಳಿದು ಬಂದರು. ಎಲ್ಲರ ಕೈಗಳೂ ಹಿಂದೆ ಕಲಿತ ಜಾಗಕ್ಕೇ ಹೋದವು.

“ಅಕ್ಕಾ, ಎರಡನೇ ಗೇರು ತಾನೇ?” ಎಂದ ಬ್ರೆಡ್ಡಿನವನು.

“ನಿಂಗೆ ಹೇಳ್ಕೊಟ್ಟಿದ್ದು ಯಾರು ಹಾಗಾದ್ರೆ?”

“ಡಾಕ್ಟ್ರೇ, ಜೋರಾಗಿ!” ಎಂದಳು ಅಂಚೆಯವಳು. “ಹಲ್ಲು ಕೀಳೋವಾಗ ಇರೋ ಶಕ್ತಿ ಈಗ ಎಲ್ಲಿ ಹೋಯ್ತು?”

“ಹಲ್ಲು ಎಳೆಯೋದಮ್ಮ, ಇದು ತಳ್ಳೋದು!”

ನಗುತ್ತ, ಏದುಸಿರು ಬಿಡುತ್ತ ತಳ್ಳಿದರು. ಅತ್ತೆ ಕಣ್ಣು ಮುಚ್ಚಿ ಕ್ಲಚ್ಚು ಬಿಟ್ಟರು. ಕಾರು ಮುಗ್ಗರಿಸಿತು. ಮುಚ್ಚಿದ ಪಾತ್ರೆಯೊಳಗೆ ಚಮಚ ಬಿದ್ದಂತೆ ಒಳಗಿನಿಂದ ಟಕ ಟಕ ಎಂದಿತು. ಬ್ರೇಕಕ್ಕನಿಗೆ ಕೇಳಿಸಿತು. ಕೇಳಿಸಿತು, ಅರ್ಥವಾಗಲಿಲ್ಲ. “ಇನ್ನೊಂದ್ಸಲ,” ಎಂದಳು. ಮತ್ತೆ ತಳ್ಳಿದರು, ಮತ್ತೆ ಟಕ ಟಕ. ಪ್ರೀತಿಯಿಂದ, ಕಲಿಸಿದವಳ ಮೇಲಿನ ನಂಬಿಕೆಯಿಂದ, ಆ ಜನ ಅಂಗಡಿ ಸಾಲಿನ ಕೊನೆಯವರೆಗೂ ತಳ್ಳಿದರು. ಕಾರು ಏಳಲಿಲ್ಲ.

ಗಂಡ ಹಗ್ಗ ಕಟ್ಟಿ ಎಳೆದು ತಂದ. ಶೆಡ್ಡಿನಲ್ಲಿ ಬಾನೆಟ್ಟು ತೆಗೆದು, ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಎರಡು ಬೆರಳು ಹಾಕಿ, ಕಪ್ಪು ರಿಬ್ಬನ್ನಿನಂಥ ಒಂದು ಪಟ್ಟಿಯನ್ನು ಹೊರಗೆಳೆದ. ಅಂಚಿನ ಹಲ್ಲುಗಳು ಕೆಲವು ಉದುರಿದ್ದವು. ನಡುವೆ ಹರಿದಿತ್ತು. ಅದನ್ನು ಹಾಗೇ ಅಂಗೈಯಲ್ಲಿ ಹಿಡಿದುಕೊಂಡು ಕೇಳಿದ:

“ನಿಂತ ಮೇಲೆ ಎಂಜಿನ್ ತಿರುಗಿಸಿದ್ರಾ?”

ಬ್ರೇಕಕ್ಕ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದ ಅತ್ತೆ, “ತಿರುಗಿಸೋದೇನು ಬಂತು, ಇಡೀ ಪೇಟೆ ಸೇರಿ ತಳ್ಳಿತು ಕಣೋ!” ಎಂದರು.

ಅವನು ಬಟ್ಟೆಯ ಚೂರು ತೆಗೆದುಕೊಂಡು ಕೈ ಒರೆಸಿಕೊಂಡ. ಒರೆಸುತ್ತಲೇ ಇದ್ದ.

“ಹೇಳಿ,” ಎಂದಳು ಅವಳು.

ಅವನು ಎಡಗೈಯ ಬೆರಳುಗಳನ್ನು ಕೆಳಮುಖವಾಗಿ ಇಳಿಬಿಟ್ಟ. “ಇವು ವಾಲ್ವು. ಗಾಳಿ ಒಳಗೆ ಬಿಡೋ, ಹೊಗೆ ಹೊರಗೆ ಬಿಡೋ ಬಾಗಿಲುಗಳು.” ಬಲಗೈ ಮುಷ್ಟಿ ಮಾಡಿ ಕೆಳಗಿನಿಂದ ಮೇಲಕ್ಕೆ ತಂದ. “ಇದು ಪಿಸ್ಟನ್ನು. ಇದು ಮೇಲೆ ಬರೋ ಹೊತ್ತಿಗೆ ಅವು ಸರ್ಕೊಂಡು ದಾರಿ ಬಿಡ್ಬೇಕು. ಇಬ್ಬರನ್ನೂ ಒಂದೇ ತಾಳದಲ್ಲಿ ಇಡೋದು ಆ ಬೆಲ್ಟು. ಅದು ಹರಿದ್ರೆ...” ಮುಷ್ಟಿ ಹೋಗಿ ಬೆರಳುಗಳಿಗೆ ಬಡಿಯಿತು. ಬೆರಳು ಬಾಗಿದವು.

“ತಳ್ಳಿದಾಗ?”

ಅವನು ಇನ್ನೊಮ್ಮೆ ಮುಷ್ಟಿ ಎತ್ತಿದ, ಮೆಲ್ಲಗೆ, ತಾಗಿಸದೆ ಇಳಿಸಿಬಿಟ್ಟ.

“ವಾಲ್ವು ಕೂತಿರೋ ಮೇಲಿನ ಹೆಡ್ ಬಿಚ್ಚಿ ನೋಡ್ಬೇಕು. ವಾಲ್ವು ಮಾತ್ರ ಬಾಗಿದ್ರೆ ಬದುಕುತ್ತೆ. ಪಿಸ್ಟನ್ ಒಡೆದಿದ್ರೆ, ಈ ಎಂಜಿನ್ ಈಗ ಯಾರೂ ಮಾಡಲ್ಲ.”

ಆಮೇಲಿನ ದಿನಗಳಲ್ಲಿ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಕಲಿಯುವವರು ಬಂದು ಶೆಡ್ಡಿಗೆ ಇಣುಕಿ, ರೋಗಿಯನ್ನು ನೋಡಲು ಬಂದವರಂತೆ ದನಿ ತಗ್ಗಿಸಿ ಮಾತಾಡಿ ಹೋಗುತ್ತಿದ್ದರು. ಈ ಕಾರಿಲ್ಲದಿದ್ದರೆ ತಾನು ಯಾರು ಎಂದು ಅವಳು ಕಿಟಕಿಯ ಬಳಿ ಕೂತು ಯೋಚಿಸುತ್ತಿದ್ದಳು. ಬೇರೆ ಕಾರು ಸಿಕ್ಕೀತು. ಅಪ್ಪನ ಕೈ ತಾಗಿದ ಪೆಡಲು ಸಿಕ್ಕುವುದಿಲ್ಲ. ಒಂದು ಮಧ್ಯಾಹ್ನ ಹಾಗೇ ಜೋಂಪು ಹತ್ತಿದಾಗ ಡಿಪೋದ ಕನಸು ಬಿತ್ತು. ಬಸ್ಸುಗಳು ಒಂದೊಂದಾಗಿ ಹೊರಡುತ್ತಿದ್ದವು, ಒಂದಕ್ಕೂ ಸದ್ದಿಲ್ಲ. ಮೀನುಗಳಂತೆ ಗೇಟು ದಾಟಿ ಹೋಗುತ್ತಿದ್ದವು. ಅಪ್ಪನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಎದ್ದವಳು ನೇರ ಕೆಳಗೆ ಇಳಿದಳು. ಗಂಡ ಬೋಲ್ಟುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದ.

“ಅಪ್ಪ ಹೇಳಿದ್ದು ಸುಳ್ಳಾ?”

ಯಾವ ಮಾತು ಎಂದು ಅವನು ಕೇಳಲಿಲ್ಲ. “ನಿಮ್ಮಪ್ಪನ ಬಸ್ಸಲ್ಲಿ ಬೆಲ್ಟಿನ ಜಾಗದಲ್ಲಿ ಹಲ್ಲುಚಕ್ರ ಇರ್ತಿತ್ತು. ಕಬ್ಬಿಣ. ಸವೆದ್ರೆ ಅಳೋದು. ಇದು ರಬ್ಬರು. ಹರಿಯೋ ಗಳಿಗೆವರೆಗೂ ನಯವಾಗೇ ಇರುತ್ತೆ.” ಒಂದು ಬೋಲ್ಟನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ. “ನಾನು ಇನ್ನೊಂದ್ಸಲ ಹೇಳ್ಬೇಕಿತ್ತು.”

“ನಾನು ಕೇಳ್ಬೇಕಿತ್ತು.”

“ಹೂಂ, ಇಬ್ರೂ ಬೇಕಿತ್ತು ಬೇಕಿತ್ತು ಅಂತ ಕೂತಿರಿ,” ಎಂದು ಮೇಲಿನಿಂದ ಅತ್ತೆಯ ದನಿ ಬಂತು. “ಕಾರು ತಾನೇ ರಿಪೇರಿಯಾಗಿ ಎದ್ದು ಹೋಗುತ್ತೆ.” ಅತ್ತೆ ಈಚೆಗೆ ಮೆಟ್ಟಿಲವರೆಗೆ ಮಾತ್ರ ಬರುತ್ತಿದ್ದರು. ಆ ಸೀಟಿನಲ್ಲಿ ಇನ್ನು ಕೂರುವುದಿಲ್ಲವೆಂದು ಹೇಳಿಯಾಗಿತ್ತು. ತಂಗಿಗೂ ಫೋನು ಮಾಡಿ, “ನೀನೇ ಬಾ, ನನ್ನ ಕೈಗುಣ ಸರಿಯಿಲ್ಲ,” ಎಂದಿದ್ದರು.

ಹೆಡ್ಡು ಎತ್ತಿದ ದಿನ ಮೂವರೂ ಬಗ್ಗಿ ನೋಡಿದರು, ಅತ್ತೆ ಮೆಟ್ಟಿಲ ಮೇಲಿನಿಂದಲೇ. ಒಂದೊಂದು ಪಿಸ್ಟನ್ನಿನ ತಲೆಯ ಮೇಲೂ ಉಗುರು ಒತ್ತಿದಂಥ, ಬಾಲಚಂದ್ರನಂಥ ಗುರುತು. ಗಂಡ ಪ್ರತಿ ಗುರುತಿನ ಮೇಲೂ ಬೆರಳಾಡಿಸಿದ. ಟಾರ್ಚು ಹಿಡಿದು ನೋಡಿದ. ಇನ್ನೊಮ್ಮೆ ಬೆರಳಾಡಿಸಿದ.

“ಬಿರುಕಿಲ್ಲ.”

“ಅಂದ್ರೆ?”

“ಅಂದ್ರೆ, ನೋಡೋಣ.”

ಅತ್ತೆಗೆ ಸುಮ್ಮನಿರಲಾಗಲಿಲ್ಲ. ಮೆಟ್ಟಿಲ ಕಟ್ಟುಪಾಡು ಮುರಿದು ಒಳಗೆ ಬಂದು ಸ್ಟೂಲು ಎಳೆದುಕೊಂಡು ಕೂತರು. ಗಂಡ ಬಿಚ್ಚಿ ಕೊಟ್ಟ ವಾಲ್ವುಗಳನ್ನು ಒಂದು ಹಳೆಯ ಕಿಟಕಿ ಗಾಜಿನ ಮೇಲೆ ಒಂದೊಂದಾಗಿ ಉರುಳಿಸಿದರು. ನೆಟ್ಟಗಿರುವುದು ಸೊಯ್ಯನೆ ಉರುಳಿತು. ಬಾಗಿದ್ದು ತಲೆ ಕುಣಿಸಿತು. “ಇದು ಕುಂಟ. ಇದೂ ಕುಂಟ. ಅಯ್ಯೋ, ಇದಂತೂ ಕುಡುಕ,” ಎನ್ನುತ್ತ ಬೇರೆ ಬೇರೆ ಇಟ್ಟರು. ಕುಡುಕರೇ ಹೆಚ್ಚಿದ್ದರು. ಬದಲಿಗೆ ಹೊಸ ವಾಲ್ವು ಎಲ್ಲೆಲ್ಲಿಂದಲೋ ಹುಡುಕಿ ತರಿಸಬೇಕಾಯಿತು.

ಅವು ಬಂದ ಮೇಲೆ ಅವುಗಳನ್ನು ಹೆಡ್ಡಿನ ಗುಳಿಗಳಲ್ಲಿ ಕೂರಿಸಿ ಉಜ್ಜುವ ಕೆಲಸ. ಮರಳಿನಂಥ ಪೇಸ್ಟು ಸವರಿ, ತುದಿಗೆ ರಬ್ಬರಿನ ಬಟ್ಟಲಿರುವ ಕೋಲನ್ನು ವಾಲ್ವಿಗೆ ಅಂಟಿಸಿ, ಎರಡು ಅಂಗೈ ನಡುವೆ ಮೊಸರು ಕಡೆಯುವಂತೆ ಹಿಂದೆ ಮುಂದೆ ತಿರುಗಿಸಬೇಕು. ಗಾಳಿ ನುಸುಳದಷ್ಟು ಅವು ಒಂದಕ್ಕೊಂದು ಹೊಂದಿಕೊಳ್ಳಬೇಕು.

“ಎಲ್ಲಿವರೆಗೆ?” ಎಂದು ಕೇಳಿದಳು ಬ್ರೇಕಕ್ಕ.

“ಸದ್ದು ಬದಲಾಗೋವರೆಗೆ.”

ಅವಳು ಅವನ ಕೈಯಿಂದ ಕೋಲು ತೆಗೆದುಕೊಂಡಳು. “ಇದು ನಂಗಿರ್ಲಿ.”

ಮೊದಲು ಗರಗರ. ಆಮೇಲೆ ಒಣ ಎಲೆ ಗುಡಿಸುವ ಸದ್ದು. ಆಮೇಲೆ ಯಾರೋ ಬಲು ದೂರದಲ್ಲಿ ಕಾಗದ ಮಡಿಸುವಂತೆ. ಕೊನೆಗೆ ಇದೆಯೋ ಇಲ್ಲವೋ ಎನ್ನುವಂಥ ಒಂದು ಪಿಸುಮಾತು. ಆಗ ನಿಲ್ಲಿಸಿ ಮುಂದಿನದಕ್ಕೆ ಹೋಗುವಳು. ಶೆಡ್ಡಿನ ಬಾಗಿಲಿನಿಂದ ಬಿಸಿಲು ಒಳಗೆ ಬಂದು, ಅವಳ ಮಣಿಕಟ್ಟಿಗೆ ಹತ್ತಿ, ಗೋಡೆಗೆ ಸರಿದು ಹೋಗುತ್ತಿತ್ತು. ಎಲ್ಲ ಮುಗಿದಾಗ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಅವಳು ಅವನ್ನು ನೋಡಿಕೊಂಡಿರಲಿಲ್ಲ.

ಹೆಡ್ಡು ಕೂತಿತು. ಹೊಸ ಬೆಲ್ಟು ಗುರುತಿಗೆ ಗುರುತು ಸೇರಿಸಿ ಏರಿತು. ಗಂಡ ಉದ್ದ ಹಿಡಿಯ ಸ್ಪ್ಯಾನರನ್ನು ಅವಳ ಕಡೆ ಚಾಚಿದ.

“ಕೀಲಿ ಹಾಕೋ ಮೊದಲು ಕೈಯಲ್ಲೇ ಎಂಜಿನ್ನನ್ನ ಪೂರಾ ತಿರುಗಿಸಿ ನೋಡ್ಬೇಕು. ತಾಳ ತಪ್ಪಿದ್ರೆ ತಾಗುತ್ತೆ. ತಾಗಿದ ಕೂಡ್ಲೇ ನಿಲ್ಸು. ಬಲ ಹಾಕ್ಬೇಡ.” ಸ್ಪ್ಯಾನರು ಅವಳ ಕೈಗೆ ಬಿಟ್ಟು, “ತಳ್ಬೇಡ,” ಎಂದ. ತುಟಿಯಂಚಿನಲ್ಲಿ ನಗುವಿತ್ತು. ಅಷ್ಟು ದಿನದಲ್ಲಿ ಅವನು ಆಡಿದ ಒಂದೇ ಒಂದು ಚುಚ್ಚುಮಾತು ಅದು. ಅವಳಿಗೆ ಹಗುರವಾಯಿತು.

ಅವಳು ಕಣ್ಣು ಮುಚ್ಚಿ ತಿರುಗಿಸತೊಡಗಿದಳು. ಕಿವಿ ಚಾಚಿದಳು. ಒಳಗೆ ಕತ್ತಲಲ್ಲಿ ಪಿಸ್ಟನ್ನು ಏರುತ್ತಿತ್ತು, ವಾಲ್ವು ಸರಿದು ದಾರಿ ಬಿಡುತ್ತಿತ್ತು. ಏನೂ ಕೇಳಿಸಲಿಲ್ಲ. ಏನೂ ಕೇಳಿಸದಿರಲಿ ಎಂದು ಅವಳು ಜೀವಮಾನದಲ್ಲಿ ಮೊದಲ ಬಾರಿ ಬೇಡಿಕೊಳ್ಳುತ್ತಿದ್ದಳು.

ಒಂದು ಕಡೆ ಸ್ಪ್ಯಾನರು ಭಾರವಾಯಿತು. ನಿಂತಿತು.

ಅವಳು ಕಣ್ಣು ತೆರೆದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಗಂಡ ಬಂದು ಅವಳ ಕೈಯ ಮೇಲೆ ಕೈಯಿಟ್ಟು ಹಿಡಿಯ ಬಿಗಿಯನ್ನು ನೋಡಿದ. “ಕಬ್ಬಿಣ ತಾಗಿದ್ದಲ್ಲ. ಅದು ಗಾಳಿ. ನೀನು ಉಜ್ಜಿದ ವಾಲ್ವು ಗಾಳಿ ಹಿಡ್ಕೊಂಡಿದೆ. ಸ್ವಲ್ಪ ಕಾಯಿ, ಬಿಡುತ್ತೆ.”

ಕಾದಳು. ಮಲಗಿದ ಮಗು ಉಸಿರು ಬಿಟ್ಟಂತೆ ಒಳಗೆಲ್ಲೋ ಸುಯ್ಯೆಂದಿತು. ಸ್ಪ್ಯಾನರು ತಾನಾಗಿ ಸಡಿಲವಾಯಿತು. ಉಳಿದ ಸುತ್ತು ನೀರಿನಲ್ಲಿ ಕೈಯಾಡಿಸಿದಂತೆ ಬಂತು.

ಅವಳು ಸ್ಪ್ಯಾನರು ಇಟ್ಟು, ಹೋಗಿ ತನ್ನ ಸೀಟಿನಲ್ಲಿ ಕೂತಳು. ಪಕ್ಕದ ಬಾಗಿಲು ತೆರೆದೇ ಇತ್ತು.

“ಬನ್ನಿ ಅತ್ತೆ.”

“ನಾನು ಕೂರಲ್ಲ ಅಂದಿದ್ದೀನಿ.”

“ಬನ್ನೀಂದ್ರೆ.”

“ಬಾಗಿಲು ಹಾಕಿದ ಮೇಲೆ ತಾನೇ ನಿನ್ನ ಮಾತು? ಬಾಗಿಲು ತೆರೆದಿದೆ. ಈಗ ನನ್ನ ಮಾತು.” ಹಾಗೆಂದವರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಇಲ್ಲದ ಧೂಳು ಒರೆಸಿದರು. “ನನ್ನ ತಂಗಿಗೆ ನಾಚಿಕೆ ಇಲ್ಲ. ಕರೆದ್ರೂ ಬರಲಿಲ್ಲ. ನೀನೇ ಬಾ ಅಂತಾಳೆ,” ಎಂದು ಯಾರಿಗೋ ಹೇಳುವಂತೆ ಹೇಳಿ, ಸೀರೆ ಒಟ್ಟುಮಾಡಿಕೊಂಡು ಒಳಗೆ ಕೂತರು. ಬಾಗಿಲು ಧಪ್ಪೆಂದಿತು.

“ಕೀಲಿ,” ಎಂದಳು ಸೊಸೆ.

ಎಂಜಿನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ, ಹಿಡಿಯಿತು. ಶೆಡ್ಡಿನ ತಗಡು ಮೆಲ್ಲಗೆ ನಡುಗಿತು. ಅತ್ತೆ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅಳುತ್ತಿಲ್ಲವೆಂಬಂತೆ ನೇರ ಮುಂದಿನ ಗೋಡೆಯನ್ನೇ ನೋಡುತ್ತಿದ್ದರು. ಹಳೆಯ ಗುನುಗಾಗಿರಲಿಲ್ಲ ಅದು. ತುಸು ಬಿರುಸು, ತುಸು ಎಳೆಯದು, ಹೊಸಬರ ದನಿ. ಬ್ರೇಕಕ್ಕ ಕಿವಿಗೊಟ್ಟಳು. ಚೆನ್ನಾಗಿತ್ತು. ಇನ್ನೂ ಕೇಳುತ್ತ ಕೂರಬಹುದಿತ್ತು.

ಗಂಡ ಕಿಟಕಿಯ ಬಳಿ ಬಗ್ಗಿದ. ಅವನ ತುಟಿ ಅಲ್ಲಾಡಿತು. ಎಂಜಿನ್ನಿನ ಸದ್ದಿನಲ್ಲಿ ಮಾತು ಮುಳುಗಿಹೋಯಿತು.

“ಅತ್ತೆ, ಒಂದ್ನಿಮಿಷ ಆಫ್ ಮಾಡಿ,” ಎಂದಳು ಬ್ರೇಕಕ್ಕ. “ಇವರೇನೋ ಹೇಳ್ತಿದ್ದಾರೆ.”